ಮುಯ್ಯಾಳಿನ ಸರ್ವೆ

ಭೂಮಿ ಅಳೆಯುವವರನ್ನು ಕಂಡರೆ ಹೆದರುವುದು ನಮ್ಮ ಮನೆಯಲ್ಲಿ ತಲೆತಲಾಂತರದ ಅಭ್ಯಾಸ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಸರಪಳಿ ಹಿಡಿದವರು ಬೇಲಿ ಬಾಗಿಲಿನ ದಣಪೆ ದಾಟಿದರೆಂದರೆ ನಮ್ಮ ಮಾವ ಹಿತ್ತಿಲ ಕಡೆಯಿಂದ ಕಾಡಿಗೆ ಇಳಿಯುತ್ತಿದ್ದರು. ಅತ್ತೆ ಒಲೆಗೆ ಹಸಿ ಸೌದೆ ತುರುಕಿ ಹೊಗೆ ಎಬ್ಬಿಸುತ್ತಿದ್ದರು, ಬಂದವರು ಕೆಮ್ಮುತ್ತ ಜಗಲಿಯಿಂದಲೇ ವಾಪಸು ಹೋಗಲಿ ಎಂದು. ಗೇಣಿ ಮಾಡುವವರಿಗೆ ಅಳತೆ ಎಂದರೆ ಏನೋ ಒಂದು ಕೈಬಿಟ್ಟು ಹೋಗುವ ಲಕ್ಷಣ. ಆಮೇಲೆ ಉಳುವವನಿಗೇ ಭೂಮಿ ಎಂದಾದಾಗ ಅದೇ ಸರಪಳಿ ಎಳೆದೇ ಗದ್ದೆಯನ್ನು ನಮ್ಮ ಹೆಸರಿಗೆ ಮಾಡಿಕೊಟ್ಟರು. ಹಾಗಿದ್ದರೂ ಹೆದರಿಕೆ ಮಾತ್ರ ಹೋಗಲಿಲ್ಲ. ಕೊಟ್ಟವರು ಮತ್ತೆ ಯಾವಾಗ ಬಂದು ಕೇಳುತ್ತಾರೋ ಎಂಬ ಹಾಗೆ ಇದ್ದೆವು.

ಅಂಥ ಮನೆಯ ಹುಡುಗಿ, ನನ್ನ ಮಗನ ಮಗಳು, ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು, ಅಳೆಯುವ ಯಂತ್ರದ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ನಮ್ಮ ಹಳ್ಳ ದಾಟಿ ಬಂದಳು. ನಾನು ಅಂಗಳದಲ್ಲಿ ಭತ್ತ ಕೆದರುತ್ತಿದ್ದೆ. ಕಾಲಿಗೆ ಮೆತ್ತಿದ ಭತ್ತವನ್ನೂ ಕೊಡವದೆ ಓಡಿದೆ. ಇದನ್ನು ಬರೆಯುವಾಗಲೂ ಎದೆ ತುಂಬಿ ಬರುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸಂತೋಷ ಹೆಚ್ಚಾದಾಗ ಅಕ್ಷರ ಇನ್ನೂ ಸೊಟ್ಟಗಾಗುತ್ತದೆ. ತಿದ್ದಿಕೊಂಡು ಓದಿ.

ಮೊಮ್ಮಗಳು ಸಾಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದು ಇಂಜಿನಿಯರಿಂಗ್ ಓದುತ್ತಾಳೆ. ಕಾಲೇಜಿನ ಹೆಸರು ಬರೆಯಬೇಡ ಎಂದು ಅವಳೇ ಹೇಳಿದ್ದಾಳೆ. ಯಾಕೆಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ. ಕಟ್ಟಡ, ರಸ್ತೆ, ಸೇತುವೆ ಇಂಥದ್ದರ ಓದು. ಅದಕ್ಕೂ ಮೊದಲು ನೆಲ ಅಳೆಯಲು ಕಲಿಯಬೇಕಂತೆ. ಕೆಳದಿ ಕಡೆಯ ಒಂದು ಕೆರೆ ಏರಿಯನ್ನು ಅಳೆದು ಕೈ ಪಳಗಿಸಿಕೊಂಡ ಮೇಲೆ ಅವರ ಮೇಷ್ಟ್ರು ಇಡೀ ಕ್ಲಾಸನ್ನು ಐದೈದು ಜನರ ತಂಡ ಮಾಡಿ, ತಂಡಕ್ಕೊಂದು ಊರು ಹಂಚಿದರು. ಊರಿಗೆ ಬೇಕಾದ ಒಂದು ಕೆಲಸ ಹುಡುಕಬೇಕು, ತಾವೇ ಅಳೆಯಬೇಕು, ತಾವೇ ನಕ್ಷೆ ಬರೆದು ಸಣ್ಣದೊಂದು ಮಾದರಿ ಮಾಡಿ ತರಬೇಕು. ಒಬ್ಬೊಬ್ಬರೇ ಕೂತು ಓದಿದರೆ ಪುಸ್ತಕ ಬರುತ್ತದೆ, ಕೆಲಸ ಬರುವುದಿಲ್ಲ. ನಾಳೆ ಸೈಟಿಗೆ ಹೋದರೆ ನಾಲ್ಕು ಜನರ ಜೊತೆ ಹೆಣಗಬೇಕು, ಈಗಲೇ ಹೆಣಗಿ ಎಂದು ಮೇಷ್ಟ್ರ ಅಭಿಪ್ರಾಯ.

ನಮ್ಮದು ಹೊಸನಗರದಿಂದ ಹುಲಿಕಲ್ ಕಡೆಗೆ ಹೋಗುವ ಬಸ್ಸಿನಿಂದ ಇಳಿದು, ಹಳ್ಳ ದಾಟಿ ಬರಬೇಕಾದ ಐದಾರು ಮನೆಗಳ ಊರು. ಹಳ್ಳಕ್ಕೆ ಇರುವುದು ಎರಡು ಮರದ ದಿಮ್ಮಿ, ಕೈಗೆ ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಅದನ್ನೇ ನಾವು ಸಂಕ ಎನ್ನುತ್ತೇವೆ. ಮಳೆಗಾಲ ಅದನ್ನು ಒಯ್ಯುತ್ತದೆ, ಬೇಸಿಗೆಗೆ ನಾವು ಹೊಸದು ಹಾಕುತ್ತೇವೆ; ಮಳೆಗೂ ಬೇಸರವಿಲ್ಲ, ನಮಗೂ ಇಲ್ಲ. ಮೊಮ್ಮಗಳು ಕ್ಲಾಸಿನಲ್ಲಿ ಎದ್ದು ನಿಂತು, ನಮ್ಮ ಅಜ್ಜಿ ಊರಿನ ಹಳ್ಳಕ್ಕೆ ಗಟ್ಟಿ ಸಂಕದ ಪ್ಲಾನ್ ಮಾಡುತ್ತೇವೆ ಎಂದಳಂತೆ. ಮೇಷ್ಟ್ರು ಒಪ್ಪಿ, ಅವಳನ್ನೇ ಲೀಡರ್ ಮಾಡಿದರಂತೆ. ಅವತ್ತಿನಿಂದ ನಾನು ಬಟ್ಟೆ ಒಗೆಯಲು ಹೋದರೂ ಆ ಹಳ್ಳವನ್ನು ಸ್ವಲ್ಪ ಮರ್ಯಾದೆಯಿಂದಲೇ ನೋಡತೊಡಗಿದೆ.

ಸಂಕ ನಿಜವಾಗಿ ಕಟ್ಟುವುದಿಲ್ಲ, ಇದು ಕಾಗದದ ಮೇಲಿನ ಕೆಲಸ ಎಂದು ಅವಳು ಮೊದಲ ದಿನವೇ ಎಲ್ಲರಿಗೂ ಹೇಳಿದಳು. ಯಾರೂ ನಂಬಲಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ಕಂಡ ಮೇಲೆ ಕಾಗದದ ಮಾತನ್ನು ಯಾರು ಕೇಳುತ್ತಾರೆ? ಹಳ್ಳದಾಚೆ ಮನೆಯವನ ಬೇಲಿ ಗೋಮಾಳದೊಳಗೆ ಕಾಲು ಚಾಚಿಕೊಂಡಿದ್ದು ಊರಿಗೆಲ್ಲ ಗೊತ್ತಿದ್ದ ವಿಷಯ. ಮಕ್ಕಳು ಬಂದ ಮರುದಿನ ನೋಡಿದರೆ ಬೇಲಿ ಸಾಧು ಪ್ರಾಣಿಯ ಹಾಗೆ ಹಿಂದಕ್ಕೆ ಬಂದು ತನ್ನ ಗಡಿಯಲ್ಲಿ ನಿಂತಿತ್ತು. ಅವನೇ ಎರಡು ಎಳನೀರು ಹೆಚ್ಚಿಗೆ ಕೆತ್ತಿ ತಂದು ಮಕ್ಕಳಿಗೆ ಕೊಟ್ಟು, ನಾನು ಗಡಿ ದಾಟಿದವನೇ ಅಲ್ಲ ಎಂದು ಯಾರೂ ಕೇಳದೆ ಹೇಳಿ ಹೋದ. ಇವರು ಬರೀ ಓದುವ ಮಕ್ಕಳು ಎಂದು ವಾರದ ಮೇಲೆ ಖಾತ್ರಿಯಾದಾಗ ಬೇಲಿ ಮತ್ತೆ ಮೇಯಲು ಹೋಯಿತು. ಅಷ್ಟಾದರೂ ಆ ಒಂದು ವಾರ ನಮ್ಮ ಊರಿನಲ್ಲಿ ಕಾನೂನು ಇತ್ತು, ಅದು ನನ್ನ ಮೊಮ್ಮಗಳಿಂದ.

ನಮ್ಮನೆಯವರಿಗೆ ಮಾತ್ರ ಇದು ಯಾವುದೂ ಸೇರಲಿಲ್ಲ. ಅಪ್ಪನಿಂದ ಬಂದ ಗುಣ. ಜಗಲಿಯ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, ಅಳೆಯೋರಿಗೆ ಊಟ ಹಾಕಿದ ಮನೆ ಉದ್ಧಾರ ಆಗಿದ್ದನ್ನು ತಾನು ನೋಡಿಲ್ಲ ಎಂದರು. ಉದ್ಧಾರವಾದ ಮೇಲೆ ನಿಮಗೆ ಹೇಳಿ ಕಳಿಸುತ್ತೇನೆ, ಈಗ ಬಾಳೆಲೆ ಕೊಯ್ದು ತನ್ನಿ ಎಂದೆ.

ತಂಡದಲ್ಲಿ ಮೊಮ್ಮಗಳು, ಇನ್ನಿಬ್ಬರು ಹುಡುಗಿಯರು, ಇಬ್ಬರು ಹುಡುಗರು. ಯಂತ್ರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಒಬ್ಬರು ಕಣ್ಣಿಟ್ಟು ನೋಡುವುದು, ದೂರದಲ್ಲಿ ಒಬ್ಬರು ಗೆರೆ ಹೊಡೆದ ಉದ್ದದ ಅಳತೆಪಟ್ಟಿ ನಿಲ್ಲಿಸಿಕೊಳ್ಳುವುದು, ಮತ್ತೊಬ್ಬರು ಬರೆದುಕೊಳ್ಳುವುದು. ನೆಲ ಎಲ್ಲಿ ಎಷ್ಟು ಎತ್ತರ, ಎಷ್ಟು ತಗ್ಗು ಎಂಬುದು ಅದರಿಂದ ತಿಳಿಯುತ್ತದಂತೆ. ಹೇಳುವುದಕ್ಕೆ ಸಲೀಸು. ನೋಡುವವಳು ಕೂಗಿದಾಗ ಪಟ್ಟಿ ಹಿಡಿದವನಿಗೆ ಕೇಳದು, ಪಟ್ಟಿ ಹಿಡಿದವನು ನೆಟ್ಟಗೆ ನಿಂತಾಗ ಬರೆಯುವವಳು ಜಿಗಣೆ ಕಿತ್ತುಕೊಳ್ಳುತ್ತಿರುತ್ತಾಳೆ. ಒಬ್ಬ ಹುಡುಗನಿಗಂತೂ ಫೋಟೋ ತೆಗೆಯುವುದೇ ಕೆಲಸ. ಪ್ರತಿ ಹಂತದ ಫೋಟೋ ಹಾಕಬೇಕೆಂದು ಕಾಲೇಜಿನ ನಿಯಮವಿದೆಯಂತೆ. ಅವನು ನಿಯಮವನ್ನು ಬಹಳ ಪ್ರೀತಿಯಿಂದ ಪಾಲಿಸುತ್ತಿದ್ದ. ಹಳ್ಳದ ಫೋಟೋ, ಏಡಿಯ ಫೋಟೋ, ನಮ್ಮ ಹುಂಜದ ಫೋಟೋ. ದಿನಗಳು ಕಳೆದರೂ ಕೆಲಸ ಈಚೆ ದಡದ ಬಿದಿರಿನ ಮೆಳೆ ದಾಟಲಿಲ್ಲ. ಇವರು ಮಾಡಿದರು ಎಂದು ಅವರು, ಅವರು ಮಾಡಿದರು ಎಂದು ಇವರು.

ಒಂದು ಸಂಜೆ ಮೊಮ್ಮಗಳು ಒಳಗೆ ಬಂದು, ಒಲೆ ಮುಂದೆ ಮಣೆ ಎಳೆದುಕೊಂಡು ಕೂತಳು. ಮುಖ ಊದಿತ್ತು.

"ಟೀಮ್ ಅಂತೆ ಟೀಮ್. ಐದು ಜನ ಇದ್ರೂ ನಾನೊಬ್ಳೇ ಮಾಡ್ದಂಗೆ ಆಗ್ತಿದೆ ಅಜ್ಜಿ."

"ಹಂಗಾದ್ರೆ ಅವ್ರನ್ನ ಬಿಟ್ಟು ನೀನೇ ಮಾಡು ಮಾರಾಯ್ತಿ."

"ಹಂಗೆಲ್ಲ ಬರಲ್ಲ. ಬಿದ್ರೆ ಐದೂ ಜನ ಒಟ್ಟಿಗೇ ಬೀಳೂದು. ಲೀಡರ್ ಅಂತ ನಾ ಮೊದ್ಲು ಬೀಳ್ತೀನಿ, ಅಷ್ಟೇ."

ಈ ಪ್ರಾಜೆಕ್ಟು ಬಿದ್ದರೆ ಮುಂದಿನ ವರ್ಷಕ್ಕೆ ಹತ್ತಿಸುವುದಿಲ್ಲ, ಒಂದು ಇಡೀ ವರ್ಷ ಹೋಗುತ್ತದೆ ಎಂದು ಆಗ ಹೇಳಿದಳು. ನಮ್ಮ ಕಡೆಯ ಹುಡುಗಿ ಒಂದು ವರ್ಷ ಹಿಂದೆ ಬಿದ್ದರೆ ನೆಂಟರೆಲ್ಲ ಮುಂದೆ ಬರುತ್ತಾರೆ, ಗಂಡು ನೋಡಿಕೊಂಡು. ಅದನ್ನು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಸಾರಿಗೆ ಉಪ್ಪು ಮಾತ್ರ ಎರಡು ಸಲ ಬಿತ್ತು.

ಆಗ ನನಗೆ ಒಂದು ಬುದ್ಧಿ ಬಂತು. ಬುದ್ಧಿ ಅಪರೂಪಕ್ಕೆ ಬರುವವರು ಬಂದಾಗ ಅದನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ನಾನೂ ಇಟ್ಟುಕೊಳ್ಳಲಿಲ್ಲ. ನೆಟ್ಟಿ ಕಾಲದಲ್ಲಿ ನಾವು ಹೆಂಗಸರು ಮಾಡುತ್ತಿದ್ದ ಮುಯ್ಯಾಳಿನ ಸಂಗತಿ ಹೇಳಿದೆ. ಇವತ್ತು ನೀವೆಲ್ಲ ಬಂದು ನನ್ನ ಗದ್ದೆ ನೆಟ್ಟುಕೊಡಿ, ನಾಳೆ ನಾನು ಬಂದು ನಿಮ್ಮ ಗದ್ದೆ ನೆಡುತ್ತೇನೆ. ಕೂಲಿ ಇಲ್ಲ, ಊಟ ಮಾತ್ರ. ನಮ್ಮಷ್ಟಕ್ಕೆ ವಾರ ಹಿಡಿಯುವ ಗದ್ದೆ ಮಧ್ಯಾಹ್ನದ ಹೊತ್ತಿಗೆ ಹಸಿರಾಗುತ್ತಿತ್ತು. ಸಾಲಿನಲ್ಲಿ ಮೈಗಳ್ಳತನ ಮಾಡಿದವಳ ಗದ್ದೆಗೆ ಮರುದಿನ ಯಾರಿಗೂ ಸೊಂಟ ಬಗ್ಗುತ್ತಿರಲಿಲ್ಲ. ಅದಕ್ಕಿಂತ ಒಳ್ಳೆ ಲೀಡರ್ ಬೇಕೇ? ನಿಮ್ಮ ಹಾಗೆಯೇ ಒದ್ದಾಡುವ ಬೇರೆ ತಂಡ ಇಲ್ಲವೇನು ಎಂದು ಕೇಳಿದೆ.

ಅವಳು ನಕ್ಕಳು. ಆಮೇಲೆ ನಗು ನಿಂತಿತು. ಆಮೇಲೆ ಸಿಗ್ನಲ್ ಸಿಗುವ ಹಲಸಿನ ಮರದ ಹತ್ತಿರ ಹೋಗಿ ಫೋನ್ ಮಾಡಿದಳು. ಅವಳ ಗೆಳತಿಯ ತಂಡಕ್ಕೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಒಂದು ಊರು ಸಿಕ್ಕಿತ್ತು, ಶಾಲೆಗೆ ಹೋಗುವ ಇಳಿಜಾರಿನಲ್ಲಿ ನೀರು ನಿಲ್ಲದ ಹಾಗೆ ಚರಂಡಿ ಮಾಡುವ ಪ್ಲಾನು. ಅಲ್ಲಿಯೂ ಐದು ಜನ ಐದು ದಿಕ್ಕು.

ಮರುದಿನ ಬೆಳಿಗ್ಗೆ ನಮ್ಮ ಹಳ್ಳದಲ್ಲಿ ಹತ್ತು ಮಕ್ಕಳು. ಆಹಾ, ಅವತ್ತಿನ ಸಂಭ್ರಮವನ್ನು ಏನೆಂದು ಹೇಳಲಿ. ದಡಕ್ಕೆ ಇಬ್ಬರು, ನೀರಿಗೆ ಇಬ್ಬರು, ಟೇಪು ಹಿಡಿಯಲು ಇಬ್ಬರು. ಒಬ್ಬರ ಮಾತಿಗೆ ಇನ್ನೊಬ್ಬರ ನಗು. ಮಧ್ಯಾಹ್ನಕ್ಕೆ ನಾನೂ ಆಚೆ ಮನೆಯವಳೂ ಸೇರಿ ಕಡುಬು, ಹಳ್ಳದ ಮೀನಿನ ಸಾರು, ಮೀನು ತಿನ್ನದವರಿಗೆ ಬಾಳೆಕಾಯಿ ಪಲ್ಯ ಮಾಡಿ ಹಳ್ಳಕ್ಕೇ ಹೊತ್ತು ತಂದೆವು. ನೆಟ್ಟಿಯವರಿಗೆ ಊಟ ಗದ್ದೆಗೇ ಹೋಗಬೇಕು, ಅದು ಕ್ರಮ. ಮಕ್ಕಳ ಮುಖ ಬಿಸಿಲಿಗೆ ಬೆಂದು ಕೆಂಪಾಗಿತ್ತು. ಯಂತ್ರವೂ ಪಾಪ ಬಿಸಿಲಿನಲ್ಲೇ ನಿಂತಿತ್ತು. ನೋಡುವುದಷ್ಟೇ ತಾನೆ, ಹಲಸಿನ ಮರದ ಕೆಳಗೆ ನಿಂತೂ ನೋಡಬಹುದಲ್ಲ ಎಂದೆ. ಯಾರೋ ಎತ್ತಿ ತಂದು ನೆರಳಿನಲ್ಲಿ ನಿಲ್ಲಿಸಿದರು. ಉಂಡು, ಕೈ ತೊಳೆದು, ಅಲ್ಲಿಂದಲೇ ಆಚೆ ದಡವನ್ನು ನೋಡಿ ಬರೆದುಕೊಂಡರು. ಸೂರ್ಯ ಮರದ ತುದಿಗೆ ಬರುವಷ್ಟರಲ್ಲಿ ಹಳ್ಳ ಪೂರ್ತಿ ಅಳೆದಾಗಿತ್ತು.

ಮೈಗಳ್ಳ ಎಂದು ನಾನು ಒಳಗೊಳಗೇ ಬೈದುಕೊಂಡಿದ್ದ ಫೋಟೋ ಹುಡುಗ ಅವತ್ತು ನನ್ನ ಹತ್ತಿರ ಬಂದು, ಕಡುಬಿನ ತಟ್ಟೆ ಹಿಡಿದು ಯಂತ್ರದ ಪಕ್ಕ ನಿಲ್ಲಲು ಹೇಳಿದ. ತಲೆಗೂದಲು ಸರಿ ಮಾಡಿಕೊಂಡು ನಿಂತೆ. ರಿಪೋರ್ಟಿನಲ್ಲಿ ಹಾಕುತ್ತಾನಂತೆ. ಕಾಲೇಜಿನ ಪುಸ್ತಕದಲ್ಲಿ ನಾನು! ಆ ಹುಡುಗನ ಮೇಲಿದ್ದ ಅಭಿಪ್ರಾಯವನ್ನೆಲ್ಲ ನಿಂತ ನಿಲುವಿನಲ್ಲೇ ವಾಪಸು ತೆಗೆದುಕೊಂಡೆ.

ಮುಯ್ಯಿ ತೀರಿಸಬೇಕಲ್ಲ. ಮಾರನೆಯ ದಿನ ನಮ್ಮ ತಂಡ ತೀರ್ಥಹಳ್ಳಿ ಕಡೆಗೆ ಹೊರಟಿತು. ನಾನೂ ಹೊರಟೆ. ಊಟ ಹಾಕಿದ ಮನೆಯವಳು ಮುಯ್ಯಿಗೆ ಹೋಗದಿದ್ದರೆ ನಾಳೆ ಯಾರು ಕರೆಯುತ್ತಾರೆ ಎಂದು ಹೇಳಿದೆ. ನಿಜ ಹೇಳಬೇಕೆಂದರೆ ಮೊಮ್ಮಗಳು ಯಂತ್ರಕ್ಕೆ ಕಣ್ಣಿಟ್ಟು ನಿಲ್ಲುವುದನ್ನು ಇನ್ನೊಂದು ಊರಿನವರು ನೋಡುವುದನ್ನು ನಾನು ನೋಡಬೇಕಿತ್ತು. ಅಲ್ಲಿಯ ಶಾಲೆಯ ಇಳಿಜಾರಿನಲ್ಲಿ ಕೈ ಕಡಿಮೆ ಬಿದ್ದಾಗ ಅಳತೆಪಟ್ಟಿ ಹಿಡಿಯಲು ನನಗೇ ಕೊಟ್ಟರು. ಅಲ್ಲಾಡದೆ ನಿಲ್ಲಬೇಕು ಎಂದರು. ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡಲಿಲ್ಲ. ನಮ್ಮ ಮಾವ ಯಾರನ್ನು ಕಂಡು ಕಾಡಿಗೆ ಓಡುತ್ತಿದ್ದರೋ ಆ ಕೆಲಸವನ್ನು ಅವರ ಸೊಸೆ ಸೆರಗು ಸಿಕ್ಕಿಸಿಕೊಂಡು ಮಾಡುತ್ತಿದ್ದಳು. ಫೋಟೋ ಹುಡುಗ ಅದನ್ನೂ ತೆಗೆದ. ಇದನ್ನೂ ಹಾಕು ಅಪ್ಪಿ, ಮರೆಯಬೇಡ ಎಂದು ನಾನೇ ಎರಡು ಸಲ ಹೇಳಿದೆ.

ಪ್ರಾಜೆಕ್ಟುಗಳನ್ನು ಕಾಲೇಜಿನಲ್ಲಿ ಒಪ್ಪಿಸುವ ದಿನ ಮನೆಯವರೂ ಬರಬಹುದು ಎಂದಿದ್ದರು. ಬರಬಹುದು ಎಂದರೆ ಬರಬೇಕು ಎಂದೇ ಅರ್ಥ ಮಾಡಿಕೊಂಡು ಬೆಳಗಿನ ಬಸ್ಸಿಗೇ ಸಾಗರಕ್ಕೆ ಹೋಗಿ, ಮಗ ಸೊಸೆಯನ್ನೂ ಹೊರಡಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತೆ. ಹೊಸ ಸೀರೆ ಉಟ್ಟಿದ್ದೆ. ಮೇಜಿನ ಮೇಲೆ ಮಕ್ಕಳು ಮಾಡಿದ ಮಾದರಿಗಳು: ರಟ್ಟಿನ ಮನೆ, ಬೆಂಡಿನ ಗುಡ್ಡ, ನಮ್ಮ ಹಳ್ಳದ ಮೇಲೊಂದು ಐಸ್‌ಕ್ರೀಂ ಕಡ್ಡಿಯ ಸಂಕ. ಹಳ್ಳದ ನೀರಿಗೆ ನೀಲಿ ಬಣ್ಣ ಹಚ್ಚಿದ್ದರು. ನಮ್ಮ ಹಳ್ಳ ಜೀವಮಾನದಲ್ಲಿ ಅಷ್ಟು ನೀಲಿಯಾಗಿದ್ದಿಲ್ಲ.

ಮೊದಲು ತೀರ್ಥಹಳ್ಳಿ ಕಡೆಯ ತಂಡ ಬಂತು. ಗೋಡೆಯ ಮೇಲೆ ದೊಡ್ಡದಾಗಿ ಚಿತ್ರಗಳು ಬರತೊಡಗಿದವು. ಅದರಲ್ಲಿ ಅಳತೆಪಟ್ಟಿ ಹಿಡಿದ ನಾನು, ಗೋಡೆಯಷ್ಟು ಎತ್ತರ. ಪಕ್ಕದವರನ್ನು ಮೊಣಕೈಯಲ್ಲಿ ತಿವಿದು, ಅದು ನಾನೇ ಎಂದೆ. ಆಮೇಲೆ ನಮ್ಮ ತಂಡ ಬಂತು. ಯಂತ್ರದ ಪಕ್ಕ ಕಡುಬಿನ ತಟ್ಟೆ ಹಿಡಿದ ನಾನು. ಈ ಸಲ ತಿವಿಯುವ ಮೊದಲೇ ಪಕ್ಕದವರು ಗೊತ್ತಾಯಿತು ಎಂಬಂತೆ ತಲೆ ಆಡಿಸಿದರು.

ಮೇಷ್ಟ್ರು ಚಿತ್ರವನ್ನು ಅಲ್ಲೇ ನಿಲ್ಲಿಸಲು ಹೇಳಿದರು. ಗೋಡೆಯನ್ನು ನೋಡಿದರು, ಮುಂದಿನ ಸಾಲನ್ನು ನೋಡಿದರು, ಮತ್ತೆ ಗೋಡೆಯನ್ನು ನೋಡಿದರು.

"ಅಜ್ಜಿ, ನೀವು ಯಾವ ಟೀಮು?"

ನಾನು ಎದ್ದು ನಿಂತೆ. "ಎರಡ್ರಲ್ಲೂ ಇದೀನಿ ಸರ್."

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ನಗದೆ ಇದ್ದವರು ಹತ್ತು ಜನ, ನನ್ನ ಮೊಮ್ಮಗಳೂ ಸೇರಿ. ಒಂದು ತಂಡದ ಅಳತೆಯನ್ನು ಇನ್ನೊಂದು ತಂಡ ಮುಟ್ಟಬಾರದು ಎಂಬುದು ಮೊದಲ ನಿಯಮವಾಗಿತ್ತಂತೆ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ನನಗೆ ಹೇಳಬೇಕಾದ ಅಗತ್ಯ ಬರುತ್ತದೆ ಎಂದು ಕಾಲೇಜಿನವರಿಗೆ ಹೊಳೆದಿರಲಿಕ್ಕಿಲ್ಲ.

ಮೊಮ್ಮಗಳು ಮುಂದೆ ಬಂದು, ಏನನ್ನೂ ಬಚ್ಚಿಡದೆ, ಮುಯ್ಯಾಳು ಮಾಡಿದೆವು ಸರ್ ಎಂದಳು. ನಾನು ಕಲಿಸಿದ್ದು ಎಂದು ಹೇಳಲಿಲ್ಲ. ನಾನೇ ಹೇಳೋಣವೆಂದು ಬಾಯಿ ತೆರೆದೆ, ಮಗ ಸೆರಗು ಹಿಡಿದು ಕೂರಿಸಿದ. ಮೇಷ್ಟ್ರು ಬೈಯಲಿಲ್ಲ. ಅವರೂ ಗದ್ದೆ ಮನೆಯವರೇ ಇರಬೇಕು, ಮುಯ್ಯಾಳು ಎಂದರೆ ಏನೆಂದು ಕೇಳಲಿಲ್ಲ. ತೀರ್ಥಹಳ್ಳಿಯ ಇಳಿಜಾರಿನ ಬಗ್ಗೆ ನಮ್ಮ ತಂಡಕ್ಕೆ ಎರಡು ಪ್ರಶ್ನೆ ಹಾಕಿದರು. ಅಳೆದು ಬಂದಿದ್ದವರೇ, ಆದರೂ ಒಬ್ಬರಿಗೂ ಬಾಯಿ ಬರಲಿಲ್ಲ. ನಮ್ಮ ಹಳ್ಳದ ಬಗ್ಗೆ ಆ ತಂಡವನ್ನು ಕೇಳಿದರು, ಅಲ್ಲಿಯೂ ಅದೇ. ಸರಿಯೇ ಮತ್ತೆ, ಬೇರೆಯವರ ಗದ್ದೆಯಲ್ಲಿ ನಾವು ಸಸಿ ಊರುತ್ತೇವೆ, ಅವರ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಯಾರು ಕೇಳುತ್ತಾರೆ?

"ನಮ್ಮಮ್ಮನೂ ಮುಯ್ಯಾಳಿಗೆ ಹೋಗ್ತಿದ್ರು ಅಜ್ಜಿ," ಎಂದರು ಮೇಷ್ಟ್ರು ನನ್ನ ಕಡೆ ತಿರುಗಿ. "ಆದ್ರೆ ಸಸಿ ಓರೆ ಊರಿದ್ರೆ ತಾನೇ ಎದ್ದು ನಿಲ್ತದೆ. ಸಂಕ ನಿಲ್ಲಲ್ಲ."

ಎರಡೂ ತಂಡದವರು ತಮ್ಮ ತಮ್ಮ ಊರಿಗೆ ಹೋಗಿ, ತಾವು ಐದೇ ಜನ, ಮತ್ತೆ ಅಳೆದು ಮುಂದಿನ ಸೋಮವಾರದೊಳಗೆ ತರಬೇಕು. ತರದಿದ್ದರೆ ಈ ವರ್ಷ ಮುಗಿಯಿತು ಎಂದಾಯಿತು. ಹೊರಗೆ ಬಂದ ಮೇಲೆ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಜ್ಜಿ, ಈ ಸಲ ನೀನು ಹಳ್ಳದ ಹತ್ರ ಬರಬ್ಯಾಡ. ಆಯ್ತಾ?"

ಆಯ್ತು ಎಂದೆ. ಸ್ವಂತ ಹಳ್ಳಕ್ಕೆ ಬಹಿಷ್ಕಾರ ಹಾಕಿಸಿಕೊಂಡ ಹೆಂಗಸು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಅವರು ಅಳೆಯುವಷ್ಟು ದಿನ ಬಟ್ಟೆಯನ್ನು ಬಾವಿಕಟ್ಟೆಯಲ್ಲೇ ಒಗೆದೆ. ಜಗಲಿಯ ಒಂದು ಮೂಲೆಯಿಂದ ಸ್ಟ್ಯಾಂಡಿನ ಒಂದು ಕಾಲು ಕಾಣುತ್ತಿತ್ತು; ಅದನ್ನು ನೋಡಿಕೊಂಡು ಕೂರುತ್ತಿದ್ದೆ. ನಮ್ಮನೆಯವರಿಗೆ ಮಾತ್ರ ನಿಷೇಧವಿರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಹಳ್ಳಕ್ಕೆ ಹೋಗಿ ನಿಂತು, ಬಂದು ನನಗೆ ಸುದ್ದಿ ಹೇಳುವ ಕೆಲಸ ಹಿಡಿದರು. ಅಳೆಯುವವರನ್ನು ಕಂಡರಾಗದ ಮನುಷ್ಯ, ಈಗ ಪಟ್ಟಿ ಯಾರು ಹಿಡಿದರು, ಬರೆದುಕೊಂಡವಳು ಮತ್ತೆ ಗಟ್ಟಿಯಾಗಿ ಓದಿ ಹೇಳಿದಳೋ ಇಲ್ಲವೋ ಎಂಬುದನ್ನೆಲ್ಲ ವರದಿ ಒಪ್ಪಿಸುತ್ತಿದ್ದರು. ಹೇಳುವಾಗ ಸ್ವಲ್ಪ ಜಂಭವೂ ಇತ್ತು.

ಅವರು ತಂದ ಸುದ್ದಿಯ ಪ್ರಕಾರ ಕೆಲಸ ನಿಧಾನವಾಗಿತ್ತು, ಆದರೆ ಜಗಳ ಇರಲಿಲ್ಲ. ಭಯ ಒಂದೇ ಆದರೆ ದಿಕ್ಕೂ ಒಂದೇ ಆಗುತ್ತದೆ. ಫೋಟೋ ಹುಡುಗ ಫೋನನ್ನು ಚೀಲಕ್ಕೆ ಹಾಕಿ, ಪ್ಯಾಂಟು ಮಡಚಿ, ಪಟ್ಟಿ ಹಿಡಿದು ಹಳ್ಳದ ನಡುವೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದನಂತೆ. ಏಡಿ ಕಚ್ಚಿದರೂ ಪಟ್ಟಿ ಬಿಡಲಿಲ್ಲವಂತೆ.

ಎರಡನೆಯ ದಿನದ ಸಂಜೆ ಐದೂ ಜನ ಮಂಕಾಗಿ ಜಗಲಿಗೆ ಬಂದು ಕೂತರು. ಆಚೆ ದಡ ಹೋದ ಸಲ ಬರೆದುಕೊಂಡಿದ್ದಕ್ಕಿಂತ ಒಂದು ಮೊಳ ತಗ್ಗು ಬಂದಿತ್ತು. ಮತ್ತೆ ನೋಡಿದರು, ಮತ್ತೂ ಹಾಗೆಯೇ. ದಡವೇನು ಒಂದು ವಾರದಲ್ಲಿ ಕೂರುತ್ತದೆಯೇ? ಯಾವುದು ಸರಿ, ಯಾವುದು ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ. ನಾನು ಕಾಫಿ ಕೊಟ್ಟು, ಬಾಯಿ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತಿದ್ದೆ.

ಫೋಟೋ ಹುಡುಗ ಚೀಲದಿಂದ ಫೋನ್ ತೆಗೆದ. ಹಳೆಯ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಹೋದ. ಹಳ್ಳ, ಏಡಿ, ಹುಂಜ. ಬೆಳಗಿನ ಫೋಟೋದಲ್ಲಿ ಯಂತ್ರ ದಿಬ್ಬದ ಮೇಲೆ ಬಿಸಿಲಿನಲ್ಲಿತ್ತು. ಕಡುಬಿನ ಫೋಟೋದಲ್ಲಿ ತಗ್ಗಿನ ಹಲಸಿನ ಮರದ ನೆರಳಿನಲ್ಲಿತ್ತು, ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಾನು. ಯಂತ್ರದ ಜಾಗ ಬದಲಿಸುವಾಗ ಹಳೆಯ ಜಾಗದಿಂದಲೂ ಹೊಸ ಜಾಗದಿಂದಲೂ ಒಂದೇ ಗುರುತನ್ನು ನೋಡಿ ಲೆಕ್ಕ ಜೋಡಿಸಿಕೊಳ್ಳಬೇಕಂತೆ; ಇಲ್ಲದಿದ್ದರೆ ಯಂತ್ರ ಇಳಿದಷ್ಟೂ ಆಚೆ ದಡ ಲೆಕ್ಕದಲ್ಲಿ ಏರುತ್ತದಂತೆ. ಹತ್ತು ಜನರಲ್ಲಿ ಪ್ರತಿಯೊಬ್ಬರೂ ಅದನ್ನು ಇನ್ನೊಬ್ಬರು ಮಾಡಿದ್ದಾರೆ ಎಂದುಕೊಂಡು ಕಡುಬಿಗೆ ಕೈ ಹಾಕಿದ್ದರು.

ನಮ್ಮನೆಯವರು ಫೋನಿನೊಳಗೆ ಬಗ್ಗಿ ನೋಡಿ ನನ್ನ ಕಡೆ ತಿರುಗಿದರು. "ನಿನ್ ಕಡುಬು ಆಚೆ ದಡಾನ ಒಂದ್ ಮೊಳ ಎತ್ತೇ ಬಿಡ್ತಲ್ಲೇ."

ಮಕ್ಕಳು ನಗಲಾರದೆ ನಕ್ಕರು. ನಗು ನಿಂತ ಮೇಲೆ ವಿಷಯ ಹಾಗೆಯೇ ಉಳಿದಿತ್ತು. ದಡ ತಗ್ಗಿದರೆ ಸಂಕದ ಆಚೆ ತುದಿಯ ಕಂಬ ಎತ್ತರವಾಗಬೇಕು, ಅದಕ್ಕೆ ಅಡಿಪಾಯ ಬದಲಾಗಬೇಕು, ನಕ್ಷೆ, ಲೆಕ್ಕ, ಮಾದರಿ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಸೋಮವಾರಕ್ಕೆ ಹೆಚ್ಚು ದಿನ ಇರಲಿಲ್ಲ. ಒಬ್ಬ ಹುಡುಗಿ ಮೆಲ್ಲಗೆ, ಆಚೆ ದಡದ ಅಂಕಿಯನ್ನು ಹಳೆಯದೇ ಇಟ್ಟುಬಿಟ್ಟರೆ ಉಳಿದದ್ದೆಲ್ಲ ಹಾಗೇ ಕೂರುತ್ತದೆ, ಮೇಷ್ಟ್ರು ಬಂದು ಹಳ್ಳಕ್ಕೆ ಇಳಿಯುತ್ತಾರಾ, ಹೇಗೂ ಯಾರೂ ಕಟ್ಟುವುದಿಲ್ಲವಲ್ಲ ಎಂದಳು. ಯಾರೂ ಬೇಡ ಎನ್ನಲಿಲ್ಲ. ನನ್ನ ಮನಸ್ಸೂ, ಸುಳ್ಳು ಯಾಕೆ, ಆ ಹುಡುಗಿಯ ಕಡೆಗೇ ವಾಲಿತು. ಒಂದು ಮೊಳಕ್ಕೆ ಒಂದು ವರ್ಷ ಕೊಡುವುದು ಯಾವ ವ್ಯಾಪಾರ?

ಮೊಮ್ಮಗಳು ಲೋಟವನ್ನು ಕೆಳಗಿಟ್ಟು ಹಳೆಯ ನಕ್ಷೆಯನ್ನು ಮಡಚಿದಳು.

"ಪೇಪರ್ ಮೇಲೇ ಸರಿ ಮಾಡಕ್ಕೆ ಬರ್ದೇ ಇದ್ರೆ ಹಳ್ಳದ್ ಮೇಲೆ ಎಂತ ಮಾಡ್ತೀವಿ?" ಎಂದಳು. "ನಾ ಲೆಕ್ಕ ಮಾಡ್ತೀನಿ. ನೀವು ನಕ್ಷೆ ಹಂಚ್ಕಳಿ. ಮುಗೀದಿದ್ರೆ ಮುಗಿದಷ್ಟು ಕೊಡೂದು."

ಆಜ್ಞೆಯ ಹಾಗೆ ಹೇಳಲಿಲ್ಲ. ಬರುವವರು ಬನ್ನಿ ಎಂಬ ಹಾಗೆ ಹೇಳಿದಳು. ಮೊದಲು ಎದ್ದವನು ಫೋಟೋ ಹುಡುಗ, ಮಾದರಿಯನ್ನು ತಾನು ಕಿತ್ತು ಕಟ್ಟುತ್ತೇನೆಂದ. ಅಂಕಿ ಹಾಗೇ ಇಡೋಣ ಎಂದಿದ್ದ ಹುಡುಗಿ ಕೊನೆಗೆ ಎದ್ದಳು, ಆದರೆ ಎಲ್ಲರಿಗಿಂತ ಹೆಚ್ಚು ಹೊತ್ತು ಅವಳೇ ಕೂತು ಗೆರೆ ಎಳೆದಳು. ಭತ್ತ ಹರವುವ ಚಾಪೆಗಳೆಲ್ಲ ಜಗಲಿಗೆ ಬಂದವು, ಅವುಗಳ ಮೇಲೆ ನಕ್ಷೆಗಳು. ಅಂಗಳಕ್ಕೆ ಬಂದ ಕೋಳಿಗಳನ್ನು ಅಟ್ಟುವ ಜವಾಬ್ದಾರಿ ನನಗೆ ಸಿಕ್ಕಿತು. ಊಟವನ್ನು ಒಳಗೇ ಬಡಿಸಿದೆ, ಕರೆದಾಗ ಮಾತ್ರ.

ತಪ್ಪು ಹೇಗಾಯಿತು ಎಂದು ರಿಪೋರ್ಟಿನಲ್ಲಿ ಬರೆಯಬೇಕಿತ್ತು. ಯಂತ್ರವನ್ನು ನಾವು ಸರಿಸಿದೆವು, ಗುರುತು ನೋಡಿಕೊಳ್ಳಲಿಲ್ಲ, ಐದೂ ಜನರದ್ದೂ ತಪ್ಪು ಎಂದು ಬರೆದು ಓದಿದಳು. ಅಜ್ಜಿ ಹೇಳಿದ್ದಕ್ಕೆ ಸರಿಸಿದೆವು ಎಂದು ಬರಿ, ನನಗೇನು ಬೇಸರವಿಲ್ಲ ಎಂದೆ. ಅವಳು ತಲೆ ಎತ್ತಲಿಲ್ಲ. ನೀನು ಟೀಮಿನಲ್ಲಿ ಇಲ್ಲವಲ್ಲ ಅಜ್ಜಿ ಎಂದಳು. ಹೊಸ ರಿಪೋರ್ಟಿನಲ್ಲಿ ನನ್ನ ಫೋಟೋವೂ ಇರಲಿಲ್ಲ. ಫೋಟೋ ಹುಡುಗನನ್ನು ಕೇಳಿದರೆ ಅವನು ಲೀಡರನ್ನು ಕೇಳಿ ಎಂದ. ಎಂಥ ಶಿಸ್ತು ಬಂತು ನೋಡಿ ಈ ಮಕ್ಕಳಿಗೆ, ಅದೂ ನನ್ನ ಖರ್ಚಿನಲ್ಲಿ.

ಸೋಮವಾರ ನನ್ನನ್ನು ಯಾರೂ ಸಾಗರಕ್ಕೆ ಕರೆಯಲಿಲ್ಲ. ನಾನೂ ಹೋಗಲಿಲ್ಲ. ಬೆಳಗಿನಿಂದ ಹಲಸಿನ ಮರದ ಕೆಳಗೆ ಫೋನ್ ಹಿಡಿದು ಕೂತೆ. ನಮ್ಮನೆಯವರು ಎರಡು ಸಲ ಬಂದು, ಊಟಕ್ಕೆ ಬಾ ಎನ್ನುವ ನೆಪದಲ್ಲಿ ಫೋನ್ ಬಂತಾ ಎಂದು ನೋಡಿಹೋದರು. ಹಳ್ಳದಾಚೆ ಮನೆಯವನು ಸಂಕದ ಮೇಲಿನಿಂದಲೇ, ನಮ್ಮ ಸಂಕ ಪಾಸಾಯಿತಾ ಎಂದು ಕೂಗಿ ಕೇಳಿದ.

ಮಧ್ಯಾಹ್ನ ಕಳೆದ ಮೇಲೆ ಅವಳ ಫೋನ್ ಬಂತು. ಹಿಂದೆ ಗಲಾಟೆ. ಮಾದರಿ ಸಂಕಕ್ಕೆ ಕೈ ಹಿಡಿಯುವ ಕಂಬಿ ಅಂಟಿಸುವುದು ಮುಗಿದಿರಲಿಲ್ಲವಂತೆ, ಒಂದು ನಕ್ಷೆಯ ಮೂಲೆಯಲ್ಲಿ ನಮ್ಮ ಕೋಳಿಯ ಕಾಲಿನ ಗುರುತು ಇತ್ತಂತೆ. ಮೇಷ್ಟ್ರು ಯಾರನ್ನು ಏನು ಕೇಳಿದರೂ ಐದೂ ಜನ ಹೇಳಿದರಂತೆ. ಮೊಮ್ಮಗಳಿಗೆ ಮರೆತದ್ದನ್ನು ಅಂಕಿ ಹಾಗೇ ಇಡೋಣ ಎಂದಿದ್ದ ಹುಡುಗಿ ಹೇಳಿದಳಂತೆ. ತಪ್ಪಿನ ಪುಟವನ್ನು ಮೇಷ್ಟ್ರು ಎರಡು ಸಲ ಓದಿ, ಮೊದಲ ಸಲದ ಸಂಕ ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದರಂತೆ. ಆಚೆ ದಡಕ್ಕೆ ಮುಟ್ಟುತ್ತಿರಲಿಲ್ಲ ಸರ್, ಇಳಿಯುವವರು ಕೊನೆಗೆ ಹಾರಬೇಕಿತ್ತು ಎಂದು ಫೋಟೋ ಹುಡುಗ ಹೇಳಿದನಂತೆ.

"ಮತ್ತೆ?" ಎಂದೆ.

"ಪಾಸ್ ಅಜ್ಜಿ. ಐದೂ ಜನ. ಅವ್ರ ಟೀಮೂ ಆಯ್ತು."

ನಾನು ಏನು ಹೇಳಿದೆನೋ ನೆನಪಿಲ್ಲ. ನನ್ನ ಕೂಗಿಗೆ ಮನೆಯ ಪಕ್ಕದ ಕಡೆಮಾಡಿನ ಕೆಳಗೆ ಮಲಗಿದ್ದ ನಾಯಿ ಎದ್ದು ಬಂತು, ನಮ್ಮನೆಯವರು ಬರಿಗಾಲಿನಲ್ಲಿ ಓಡಿ ಬಂದರು. ಆಗ ಅವಳು ಇನ್ನೊಂದು ವಿಷಯ ಹೇಳಿದಳು. ಮುಂದಿನ ವರ್ಷದ ಮಕ್ಕಳಿಗೆ ಮೇಷ್ಟ್ರು ಒಂದು ಹೊಸ ನಿಯಮ ಮಾಡಿದ್ದಾರೆ: ಅಳತೆ ನಡೆಯುವ ಜಾಗಕ್ಕೆ ಮನೆಯವರು ಊಟ ತಿಂಡಿ ತರುವಂತಿಲ್ಲ, ಅಳತೆಯ ಸಾಮಾನು ಮುಟ್ಟುವಂತಿಲ್ಲ, ತಂಡದವರಲ್ಲದ ಯಾರೂ ಫೋಟೋದಲ್ಲಿ ಇರುವಂತಿಲ್ಲ. ಬೋರ್ಡಿಗೆ ಹಾಕಿದ್ದಾರೆ.

ಇನ್ನೊಮ್ಮೆ ಹೇಳು ಎಂದೆ. ಇನ್ನೊಮ್ಮೆ ಹೇಳಿದಳು. ನಾಲ್ಕನೇ ಕ್ಲಾಸಿಗೆ ಬಿಟ್ಟವಳಿಂದಾಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ನಿಯಮ. ನನ್ನ ಹೆಸರು ಹಾಕಿದ್ದಾರಾ ಎಂದು ಕೇಳಿದೆ. ಇಲ್ಲ ಎಂದಳು. ಇರಲಿ ಬಿಡು, ತಿಳಿದವರಿಗೆ ತಿಳಿಯುತ್ತದೆ ಎಂದು ಹೇಳಿ, ಬಸ್ಸಿನಲ್ಲಿ ಡಬ್ಬಿ ಕಳಿಸುವುದಕ್ಕೂ ನಿಯಮ ಇದೆಯೇ ಎಂದು ವಿಚಾರಿಸಿದೆ. ಅದಕ್ಕೆ ಇರಲಿಲ್ಲ. ಮರುದಿನ ಬೆಳಗಿನ ಸಾಗರದ ಬಸ್ಸಿಗೆ ಐದು ಡಬ್ಬಿ ಕಡುಬು, ಮೇಷ್ಟ್ರಿಗೆಂದು ಬೇರೆ ಒಂದು ದೊಡ್ಡ ಡಬ್ಬಿ ಹತ್ತಿಸಿದೆವು. ಡಬ್ಬಿಗಳ ಚೀಲವನ್ನು ತಲೆಯ ಮೇಲೆ ಹೊತ್ತು ದಿಮ್ಮಿಯ ಸಂಕ ದಾಟಿದವರು ನಮ್ಮನೆಯವರು, ಬಿದಿರಿನ ಗಳವನ್ನೂ ಹಿಡಿಯದೆ.